ಯಾರ ಪೈಕಿ?

“ಅಮ್ಮ, ಸಾಬ್ ಚಾಚಾ ಇವತ್ತು ನನ್ನ ಹೆಸರು ಯಾಕೆ ಕೇಳ್ಲಿಲ್ಲ?”

ಐದು ವರ್ಷದ ವಾರಿಜಾ ಹೊಸ್ತಿಲ ಮೇಲೆ ನಿಂತು ಕೇಳಿದ್ದು ತನ್ನ ತಾಯಿ ಸೇವಂತಿಯನ್ನು. ಆದರೆ ಧಾರಾವಿಯ ಆ ಚಾಳಿನಲ್ಲಿ ಖೋಲಿಗೂ ಖೋಲಿಗೂ ನಡುವೆ ಇದ್ದದ್ದು ಬರೀ ಹಲಗೆ. ಈಚೆ ಆಡಿದ ಮಾತು ಆಚೆ ಕೇಳದೆ ಇರುತ್ತಿರಲಿಲ್ಲ. ಪಕ್ಕದ ಬಾಗಿಲ ಬೀಗಕ್ಕೆ ಕೀಲಿ ತೂರಿಸಲು ಹೆಣಗುತ್ತಿದ್ದ ಅಮೀರಸಾಬರಿಗೂ ಕೇಳಿತು. ಕೈ ಅಲ್ಲಿಗೇ ನಿಂತಿತು.

ದಿನವೂ ಕೇಳುತ್ತಿದ್ದರು. ಬೆಳಿಗ್ಗೆ ದಾದರಿನ ಲಾಜಿಗೆ ಕೆಲಸಕ್ಕೆ ಹೊರಟಾಗ ಮಗು ಎದುರಾದರೆ ಎಡಗೈಯನ್ನು ಪುಸ್ತಕದ ಹಾಗೆ ಬಿಡಿಸಿ, ಬಲಗೈ ಬೆರಳನ್ನು ಪೆನ್ನಿನಂತೆ ಹಿಡಿದು, ಕನ್ನಡಕದ ಮೇಲಿಂದ ನೋಡುತ್ತಿದ್ದರು.

“ಹೆಸರು ಹೇಳ್ರಿ ಬಾಯಾರ.”

“ವಾರಿಜಾ.”

“ತಂದಿ ಹೆಸರು?”

“ಪೂವಪ್ಪ.”

“ಎಲ್ಲಿಂದ ಬಂದ್ರಿ?”

“ನಳದ ಹತ್ರದಿಂದ.”

“ಎಲ್ಲಿಗೆ ಹೋಗಾವ್ರು?”

“ಬಾಲವಾಡಿಗೆ.”

“ಕಾರಣ?”

ಅಲ್ಲಿಗೆ ಮಗುವಿಗೆ ನಗು ತಡೆಯುತ್ತಿರಲಿಲ್ಲ. ಅಮೀರಸಾಬರು ನಗದೆ ಅಂಗೈ ಚಾಚಿ “ಸಹಿ ಮಾಡ್ರಿ” ಅನ್ನುತ್ತಿದ್ದರು. ಅವಳು ಬೆರಳಿನಿಂದ ಗೀಚುತ್ತಿದ್ದಳು.

ಇವತ್ತು ಗುರುವಾರ. ಮಧ್ಯಾಹ್ನ ಎರಡೂವರೆ. ಲಾಜಿನಲ್ಲಿರಬೇಕಾದ ಮನುಷ್ಯ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು, ಹರಿದ ಚಪ್ಪಲಿ ಎಳೆಯುತ್ತ, ಮಗುವನ್ನು ದಾಟಿ ಹೋಗಿದ್ದರು. ಸೀಮೆಎಣ್ಣೆಯ ಸಾಲಿನಲ್ಲಿ ನಿಂತು ಆಗಷ್ಟೇ ಬಂದಿದ್ದ ಸೇವಂತಿ ಡಬ್ಬವನ್ನು ಮೂಲೆಗಿಟ್ಟು ಹೊರಗೆ ಬಂದಳು.

“ಎಂಥದು ಚಾಚಾ, ಮೈ ಸರಿ ಇಲ್ವಾ?”

ಅಮೀರಸಾಬರು ತಿರುಗಿ ನೋಡಿದರು. ಬೀಗ ತೆರೆಯದೆ ಅವಳ ಹೊಸ್ತಿಲಿನತ್ತ ಬಂದರು.

ಸಿಂದಗಿ ತಾಲೂಕಿನ ಹಳ್ಳಿ ಬಿಟ್ಟು ಅವರು ಮುಂಬಯಿಗೆ ಬಂದದ್ದು ಐವತ್ತೊಂದರಲ್ಲಿ. ಈಗ ಎಪ್ಪತ್ತಮೂರು. ಊರಿನ ಶಾಲೆಯಲ್ಲಿ ಕನ್ನಡ ನಾಲ್ಕನೆಯ ಇಯತ್ತೆ, ಮಸೀದಿಯಲ್ಲಿ ಉರ್ದು. ಮರಾಠಿ, ಇಂಗ್ಲಿಷ್ ಅಕ್ಷರಗಳನ್ನು ಇಲ್ಲಿಯ ಅಂಗಡಿ ಫಲಕ ನೋಡಿ ನೋಡಿ ಕಲಿತದ್ದು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಅದೇ ಅಕ್ಷರ ಅವರಿಗೆ ದಾದರ ಸ್ಟೇಷನ್ನಿನ ಪೂರ್ವಕ್ಕಿದ್ದ ಲಾಜಿನಲ್ಲಿ ಮುನ್ಶಿ ಕೆಲಸ ಕೊಡಿಸಿತು. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಹದಿನೆಂಟು ಕೋಣೆ. ಸೋಲಾಪುರದ ಕಡೆಯಿಂದ ಬರುವ ಗಾಡಿ ಇಳಿದು ಬರುವವರೇ ಹೆಚ್ಚು: ದೊಡ್ಡಾಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಸುಮ್ಮನೆ ಸಮುದ್ರ ನೋಡಲು ಬಂದವರು. ಹೆಂಡತಿ ಅಜೀಜಾಬಿ ಕಾಮಾಲೆಯಾಗಿ ತೀರಿಕೊಂಡು ಏಳು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಉಳಿದದ್ದು ಕೆಂಪು ಬಟ್ಟೆಯ ಹೊದಿಕೆಯ ಆ ಉದ್ದ ರಜಿಸ್ಟರು.

ಬೇರೆ ಲಾಜುಗಳಲ್ಲಿ ರಜಿಸ್ಟರು ಮೇಜಿನ ಮೇಲೆ ಬಾಯಿ ತೆರೆದುಕೊಂಡೇ ಬಿದ್ದಿರುತ್ತಿತ್ತು. ಯಾರು ಬಂದರು, ಯಾವ ಊರು, ಜೊತೆಗೆ ಯಾರು, ಯಾಕೆ ಬಂದದ್ದು, ಹೋಗುವುದು ಎಲ್ಲಿಗೆ, ಚಹಾ ತಂದವನೂ ಓದಬಹುದು. ಅಮೀರಸಾಬರ ಹತ್ತಿರ ಅದು ನಡೆಯುತ್ತಿರಲಿಲ್ಲ. ಹೊಸಬ ಸಹಿ ಮಾಡುವಾಗ ಮೇಲಿನ ಸಾಲುಗಳ ಮೇಲೆ ಬ್ಲಾಟಿಂಗ್ ಕಾಗದ ಮುಚ್ಚುತ್ತಿದ್ದರು. ಕೀಲಿ ಕೊಡುವಾಗ ಕೋಣೆಯ ನಂಬರನ್ನು ಕೂಗದೆ ಕೀಲಿಯ ತಗಡನ್ನು ಅಂಗೈಯಲ್ಲಿ ತೋರಿಸುತ್ತಿದ್ದರು. ಕೆಳಗಿನಿಂದ ಯಾರಾದರೂ “ಇಂಥವರು ಇದ್ದಾರಾ?” ಎಂದರೆ “ನಿಮ್ಮ ಹೆಸರು ಬರೆದುಕೊಡಿ, ಇದ್ದರೆ ಕೇಳಿ ಬರತೇನಿ” ಎನ್ನುತ್ತಿದ್ದರೇ ಹೊರತು ಹೌದು ಇಲ್ಲ ಎನ್ನುತ್ತಿರಲಿಲ್ಲ. ಒಮ್ಮೆ ದಾದರ ಸೇತುವೆಯ ಮೇಲೆ ಕೊಂಡ ಶೇಂಗಾ ಪೊಟ್ಟಣ ಬಿಚ್ಚಿದಾಗ ಯಾವುದೋ ಲಾಜಿನ ರಜಿಸ್ಟರಿನ ಹಾಳೆ ಸಿಕ್ಕಿತ್ತು. ಒಬ್ಬ ಹೆಣ್ಣುಮಗಳ ಹೆಸರು, ಗಂಡನ ಹೆಸರು, ಕಾರಣದ ಕಡೆ “ಗರ್ಭಕೋಶದ ಚಿಕಿತ್ಸೆ” ಎಂದು. ಅವತ್ತಿನಿಂದ ತಮ್ಮ ಲಾಜಿನ ಹಳೆಯ ರಜಿಸ್ಟರುಗಳನ್ನು ರದ್ದಿಗೆ ಹಾಕಲು ಬಿಡದೆ, ಸ್ನಾನದ ನೀರು ಕಾಯಿಸುವ ಬಂಬಿನ ಒಲೆಗೆ ಒಂದೊಂದೇ ಹಾಳೆ ಹಾಕಿ ಸುಡಿಸುತ್ತಿದ್ದರು. ಲಾಜಿನ ಮಾಲೀಕ ಸೇಠ ನಗುತ್ತಿದ್ದ. “ಮುನ್ಶೀಜಿ, ಇದು ಲಾಜೋ ಸರಕಾರಿ ಖಜಾನೆಯೋ?”

ಇಷ್ಟು ಕಟ್ಟುನಿಟ್ಟಿನ ಮನುಷ್ಯನಿಗೆ ಒಂದು ಚಪಲವಿತ್ತು. ಬಂದವರು ಕನ್ನಡ ಆಡಿದರೆ ಸಾಕು, ಅಮೀರಸಾಬರ ಕಿವಿ ನೆಟ್ಟಗಾಗುತ್ತಿತ್ತು. ಮಾತಿನ ಬಾಲ ಕೇಳಿ ತಾಲೂಕು ಹೇಳುತ್ತಿದ್ದರು. ಆಮೇಲೆ ಬರೆಯುವ ಟಾಕು ಕೆಳಗಿಟ್ಟು ಕೇಳುತ್ತಿದ್ದರು: “ಯಾರ ಪೈಕಿ?”

ವಿಜಾಪುರದ ಸೀಮೆಯಲ್ಲಿ ಹೆಸರು ಕೇಳಿ ಯಾರೂ ಸುಮ್ಮನಾಗುವುದಿಲ್ಲ. ಯಾವ ಮನೆತನ, ಯಾರ ಅಳಿಯ, ಯಾರ ಹೊಲಕ್ಕೆ ಯಾರ ಬದು, ಇಷ್ಟೂ ಆ ಎರಡು ಶಬ್ದದಲ್ಲಿ ಬರಬೇಕು. ಕೇಳಿದವನಿಗೆ ಹೇಳದೆ ಇರುವುದು ನೀರು ಕೊಡದೆ ಕಳಿಸಿದ ಹಾಗೆ. ಹೇಳಿದ ಮೇಲೆ ಅವನು ಪರಕೀಯನಲ್ಲ. ಅಮೀರಸಾಬರು ಊರಿಗೆ ಹೋಗಿ ಹದಿನಾಲ್ಕು ವರ್ಷ. ಊರು ಹೀಗೆ ಮೇಜಿನ ಆಚೆ ಬದಿಗೆ ಬಂದು ನಿಂತು ಹೋಗುತ್ತಿತ್ತು.

ಗುರುಬಾಯಿ ಬಂದದ್ದು ಹೋದ ಶನಿವಾರ ಮುಂಜಾನೆ. ಇಪ್ಪತ್ತೈದು ಇಪ್ಪತ್ತಾರರ ಹೆಣ್ಣುಮಗಳು, ಒಂದೇ ಗಂಟು, ಬಲಗೈ ಮಣಿಕಟ್ಟಿಗೆ ಅರಿಸಿನದ ಪಟ್ಟಿ. ಒಂಟಿ ಹೆಂಗಸಿಗೆ ಕೋಣೆ ಇಲ್ಲ ಎಂದ ಸೇಠ. ಅಮೀರಸಾಬರು ತಮ್ಮ ಜವಾಬ್ದಾರಿ ಎಂದು ಹೇಳಿ, ಲಾಜಿನ ಹಾಸಿಗೆ ಬಟ್ಟೆ ನೋಡಿಕೊಳ್ಳುವ ಇಮಾಮಬಿಯ ಮಗ್ಗುಲ ಕೋಣೆ ಕೊಡಿಸಿದರು. ಪುಸ್ತಕ ತೆರೆದು ಹೆಸರು ಕೇಳಿದಾಗ ಹುಡುಗಿ ಗೋಡೆ ನೋಡುತ್ತ ಹೇಳಿದಳು: “ಸುಮಿತ್ರಾ. ಪುಣೆ.”

ಅಮೀರಸಾಬರು ನಕ್ಕರು. “ಪುಣೇದವರು ‘ಖೋಲಿ ಐತೇನ್ರೀ’ ಅನ್ನೂದಿಲ್ಲವ್ವಾ. ಇದು ಭೀಮಾ ನದಿ ನೀರು ಕುಡದ ನಾಲಿಗಿ. ಯಾರ ಪೈಕಿ ನೀ?”

ಆ ಮಾತಿಗೆ ಅವಳ ಕಣ್ಣು ತುಂಬಿದವು. ಮುಂಬಯಿಯಲ್ಲಿ ಇಳಿದ ಮೇಲೆ ಯಾರೋ ತನ್ನವರು ಸಿಕ್ಕರು ಎಂಬಂತೆ ತಡೆ ಒಡೆಯಿತು. ತನ್ನ ನಿಜವಾದ ಹೆಸರು, ಇಂಡಿ ತಾಲೂಕಿನ ಊರು, ಅಪ್ಪನ ಹೆಸರು, ಗಂಡನ ಮನೆ, ಎಲ್ಲ ಹೇಳಿದಳು. ಹೇಳಿದ ಮೇಲೆ ಹೆದರಿದಳು.

“ಬರೀಬ್ಯಾಡ್ರಿ ಕಾಕಾ. ಹಿಂದ ಬೆನ್ನ ಹತ್ತಿ ಬರಾವ್ರದಾರ.”

“ಸುಳ್ಳ ಬರದ್ರ ಪೊಲೀಸರು ನಿನ್ನ ಮ್ಯಾಲೇ ಸಂಶೆ ಪಡತಾರವ್ವಾ. ಖರೇದು ಬರೀತೇನಿ, ಮುಚ್ಚಿ ಇಡತೇನಿ. ಈ ಪುಸ್ತಕ ನಾ ಬಿಟ್ಟ ಯಾರೂ ಮುಟ್ಟಂಗಿಲ್ಲ. ನನ್ನ ಎದಿಯಾಗ ಇದ್ದಂಗ ಅಂತ ತಿಳಿ.”

ಸೋಮವಾರ ಹೊರಟಳು. “ಎಲ್ಲಿಗೆ ಹೋಗುವುದು” ಎಂಬ ಕಾಲಮ್ಮು ಖಾಲಿ ಇತ್ತು. ಖಾಲಿ ಬಿಡಲು ಅಮೀರಸಾಬರಿಗೆ ಮನಸ್ಸಾಗಲಿಲ್ಲ. ಹುಡುಗಿ ಗಂಟನ್ನು ಎದೆಗೆ ಅವಚಿಕೊಂಡು ನಿಂತು, ವಿಕ್ರೋಳಿಯಲ್ಲಿ ಹಾಲವ್ವ ಅಂತ ತನ್ನ ಗೆಳತಿ ಇದ್ದಾಳೆ, ಅವಳ ಗಂಡ ಗಾರೆ ಕೆಲಸದವನು, ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಕನ್ನಡದವರ ಖೋಲಿಗಳಿವೆ ಎಂದು ಪಿಸುಗುಟ್ಟಿದಳು. ಕಾಯಿದೆಗೆ “ವಿಕ್ರೋಳಿ” ಎಂದಷ್ಟು ಬರೆದಿದ್ದರೆ ಸಾಕಿತ್ತು. ಆದರೆ ಅರ್ಧ ಬರೆಯುವುದು ಆ ಕೈಗೆ ಗೊತ್ತಿರಲಿಲ್ಲ. ಹಾಲವ್ವನ ಹೆಸರು, ಅವಳ ಗಂಡನ ಕಸುಬು, ಕಾರ್ಖಾನೆಯ ಹಿಂದಿನ ಬಯಲು, ಎಲ್ಲವನ್ನೂ ದುಂಡಗೆ ಬರೆದರು.

ನಿನ್ನೆ, ಬುಧವಾರ ಮಧ್ಯಾಹ್ನ, ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ ಬಂದ. ನಲವತ್ತೈದರ ಆಸುಪಾಸು, ತೊಳೆದ ಧೋತರ, ರುಮಾಲು, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಸ್ಟೇಷನ್ನಿನ ಸುತ್ತಲಿನ ಲಾಜುಗಳನ್ನೆಲ್ಲ ಎರಡು ದಿನದಿಂದ ಹತ್ತಿ ಇಳಿದವನೆಂದು ಅಮೀರಸಾಬರಿಗೆ ಗೊತ್ತಿರಲಿಲ್ಲ. ಅವನು ಯಾರನ್ನೂ ಕೇಳಲಿಲ್ಲ. ಬೆಂಚಿನ ಮೇಲೆ ಕುಳಿತು, ಕುಡಿಯಲು ನೀರು ಬೇಡಿ, ಕುಡಿದು, ಬಾಯಿ ಒರೆಸಿಕೊಂಡು ಮೆಲ್ಲಗೆ ಹೇಳಿದ:

“ಸಾಹೇಬ್ರು ನಮ್ಮ ಕಡೇದವರು ಇದ್ದಂಗ ಕಾಣತದ. ಯಾರ ಪೈಕಿ?”

ಇಪ್ಪತ್ತೆರಡು ವರ್ಷ ತಾವು ಎಲ್ಲರಿಗೂ ಕೇಳಿದ ಮಾತು. ತಮ್ಮನ್ನು ಈ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಅಮೀರಸಾಬರು ಅಪ್ಪನ ಹೆಸರು ಹೇಳಿದರು, ಊರು ಹೇಳಿದರು. ಕೇಳದೆಯೇ ಮುಂದುವರಿದರು: “ನಮ್ಮವ್ವನ ತವರೂರು ಹುಣಸಿಮಟ್ಟಿ.”

“ಹುಣಸಿಮಟ್ಟಿ?” ಅವನು ಬೆಂಚಿನಿಂದ ಎದ್ದ. “ಅಯ್ಯ, ಅದು ನನ್ನೂರಲ್ಲೇನ್ರಿ. ಯಾರ ಮಗಳು ನಿಮ್ಮವ್ವ?”

“ಪಿಂಜಾರ ಲಾಡ್ಲೇಸಾಬನ ಮಗಳು.”

“ಲಾಡ್ಲೇಸಾಬ... ಹಳ್ಳದ ಕಡೆ ಮನಿ?”

“ಹೌದ್ ಹೌದು, ಹಳ್ಳದ ಕಡೇನ.”

“ಅಂದ್ರ ನೀವು ನಮ್ಮೂರ ಮಗಳ ಮಗ. ವಯಸ್ಸಿನಾಗ ಹಿರ್ಯಾರಾದ್ರೂ ನಾ ನಿಮಗ ಮಾಮಾ ಆಗಬೇಕ ನೋಡ್ರಿ.”

ಇಬ್ಬರೂ ನಕ್ಕರು. ಅಮೀರಸಾಬರು ಕೆಳಗೆ ಕೂಗಿ ಎರಡು ಚಹಾ ತರಿಸಿದರು. ಅವರವ್ವ ಬದುಕಿರುವಾಗ ಹೇಳುತ್ತಿದ್ದ ಮಾತೊಂದಿತ್ತು: ನನ್ನ ತವರಿನ ನಾಯಿ ಬಂದರೂ ಬರಿಗೈಲಿ ಕಳಸಬ್ಯಾಡ. ಚಹಾ ಅರ್ಧ ಕುಡಿದ ಮೇಲೆ ಮಾಮಾ ನಿಟ್ಟುಸಿರು ಬಿಟ್ಟ. ಮನೆಯ ಹುಡುಗಿಯೊಬ್ಬಳು, ಗುರುಬಾಯಿ ಅಂತ, ಸಣ್ಣ ಮಾತಿಗೆ ಸಿಟ್ಟಾಗಿ ಗಾಡಿ ಹತ್ತಿ ಬಂದುಬಿಟ್ಟಿದ್ದಾಳೆ. ಅವಳವ್ವ ಹಾಸಿಗೆ ಹಿಡಿದಿದ್ದಾಳೆ, ಇವತ್ತೋ ನಾಳೆಯೋ.

“ಬಾಯಾಗ ಕಡೀ ನೀರು ಮಗಳ ಕೈಯಿಂದ ಬೀಳಬೇಕಂತ ಜೀವಾ ಹಿಡಕೊಂಡಾಳ್ರಿ. ಅದೊಂದು ನೀರಿನ ಸಲುವಾಗಿ ನಾ ಅಲಿಯಾಕತ್ತೇನಿ.”

ಅಮೀರಸಾಬರು ಟಾಕು ಕೆಳಗಿಟ್ಟರು. ಐವತ್ತೊಂಬತ್ತರಲ್ಲಿ ತಮ್ಮ ತಾಯಿಯ ಬಾಯಿಗೆ ನೀರು ಬಿಡಲು ಅವರು ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಇನ್ನೇನೂ ಯೋಚನೆ ಬರಲಿಲ್ಲ. ಬ್ಲಾಟಿಂಗ್ ಕಾಗದ ಸರಿಸಿ ಹಾಳೆ ತಿರುಗಿಸಿದರು. ಮಾಮಾನಿಗೆ ಓದಲು ಬರುತ್ತಿರಲಿಲ್ಲ. ಅದಕ್ಕೆ ಅವರೇ ಒಂದು ಚೀಟಿಯ ಮೇಲೆ ಬರೆದುಕೊಟ್ಟರು. ಯಾರಿಗೆ ತೋರಿಸಿದರೂ ಓದುವ ಹಾಗೆ ಕನ್ನಡದಲ್ಲೂ ಮರಾಠಿಯಲ್ಲೂ. ವಿಕ್ರೋಳಿ ಸ್ಟೇಷನ್ನಿನಿಂದ ಯಾವ ಕಡೆ ಇಳಿಯಬೇಕು ಎಂದು ಗೆರೆ ಎಳೆದು ತೋರಿಸಿದರು.

“ಇವತ್ತೇ ಹೋಗ್ರಿ ಮಾಮಾ, ತಡಾ ಮಾಡಬ್ಯಾಡ್ರಿ.”

“ಇವತ್ತ ಆಗೂದಿಲ್ಲ. ಸಾಯನದಾಗ ಬಿಲ್ಡಿಂಗ್ ಕೆಲಸಕ್ಕ ನಮ್ಮ ಹುಡುಗೂರು ಇಬ್ಬರದಾರ. ಇವತ್ತ ಅವರಿಗೆ ಸ್ಲ್ಯಾಬ್ ಹಾಕೂದೈತಿ. ನಾಳೆ ಐದಕ್ಕ ಕೆಲಸ ಬಿಟ್ಟ ಕೂಡ್ಲೆ ಅವರನ್ನ ಕರಕೊಂಡ ಹೋಗತೇನಿ. ನನಗ ಈ ಊರಿನ ಲೋಕಲ್ಲು ತಿಳಿಯೂದಿಲ್ಲ.”

ಮೆಟ್ಟಿಲ ತನಕ ಹೋಗಿ ಬೀಳ್ಕೊಟ್ಟು ಬಂದರು. ಎಲ್ಲರ ಹೆಸರು ಬರೆದುಕೊಳ್ಳುವ ಮನುಷ್ಯ ಅವನ ಹೆಸರು ಕೇಳಿರಲಿಲ್ಲ. ಮಾಮಾ ಎಂದ ಮೇಲೆ ಹೆಸರು ಏತಕ್ಕೆ?

ಇವತ್ತು ಬೆಳಿಗ್ಗೆ ಇಮಾಮಬಿ ಹಾಸಿಗೆ ಬಟ್ಟೆಗಳನ್ನು ಎಣಿಸುತ್ತಿದ್ದಾಗ ಅಮೀರಸಾಬರು ಒಳ್ಳೆಯ ಸುದ್ದಿ ಹೇಳುವವರಂತೆ ಹೇಳಿದರು. ನಿನ್ನ ಮಗ್ಗುಲ ಖೋಲಿಯ ಹುಡುಗಿಗೆ ಮನೆಯವರು ಸಿಕ್ಕರು, ತಾಯಿಗೆ ಹುಷಾರಿಲ್ಲವಂತೆ, ವಿಳಾಸ ಕೊಟ್ಟು ಕಳಿಸಿದೆ.

ಇಮಾಮಬಿಯ ಕೈಯಿಂದ ಚಾದರಗಳು ಜಾರಿದವು. “ಕ್ಯಾ ಕರ್ ದಿಯೇ ಭಾಯ್, ಏನ ಮಾಡಿಬಿಟ್ರಿ?” ಎಂದಳು ಅವಳು. “ಆಕೀಗೆ ಅವ್ವ ಎಲ್ಲಿ ಅದಾಳ? ಮಲಿ ಬಿಡೂಕಿಂತ ಮುಂಚೇನ ಸತ್ತ ಹೋಗ್ಯಾಳ ಅವ್ವ.”

“ಮತ್ತ ಅಂವ ಯಾರು?”

“ಎಡ ಹುಬ್ಬಿನ ಮ್ಯಾಲ ಕಲಿ ಇತ್ತೇನು?”

“ಇತ್ತು.”

“ಭಾವ. ಗಂಡನ ಅಣ್ಣ. ನೀಲಕಂಠಪ್ಪ ಅಂತ ಹೆಸರು. ಆ ಹುಡುಗೀ ಕೈ ಮುರದಾಂವ ಅವನ.”

ಎರಡು ರಾತ್ರಿ ಗುರುಬಾಯಿ ತನ್ನ ಹತ್ತಿರ ಹೇಳಿಕೊಂಡದ್ದನ್ನು ಇಮಾಮಬಿ ಹೇಳಿದಳು. ಅಪ್ಪನಿಂದ ಬಂದ ನಾಲ್ಕೆಕರೆ ಅವಳ ಹೆಸರಿನಲ್ಲಿದೆ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತು ಎಂದು ಹಿಡಿದು ತಿರುವಿದ್ದರಿಂದ ಮಣಿಕಟ್ಟು ಮುರಿದದ್ದು. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದನಂತೆ. ಈ ಸಲ ಸಿಕ್ಕರೆ ಮೊದಲು ಹೆಬ್ಬೆಟ್ಟು, ಆಮೇಲೆ ಬಾವಿ. ಜಾರಿ ಬಿದ್ದಳು ಎಂದು ಊರಿಗೆ ಹೇಳುತ್ತಾರೆ.

ಅಮೀರಸಾಬರು ರಜಿಸ್ಟರು ಮುಚ್ಚಿ ಡ್ರಾವರಿನಲ್ಲಿಟ್ಟು ಬೀಗ ಹಾಕಿದರು. ಮುಚ್ಚಿ ಏನು ಪ್ರಯೋಜನ ಎಂಬುದು ಬೀಗ ಹಾಕಿದ ಮೇಲೆ ತಿಳಿಯಿತು. ಪೊಲೀಸರ ಬಳಿ ಹೋಗೋಣವೆಂದರೆ, ಗಂಡನ ಮನೆಯವರು ಸೊಸೆಯನ್ನು ಕರೆಯಲು ಬಂದಿದ್ದಾರೆ ಎಂದು ತಿಳಿದರೆ ಅವರೇ ಅವಳನ್ನು ಆ ಮನೆಯವರ ಕೈಗೆ ಒಪ್ಪಿಸುತ್ತಾರೆ. ಅಂಥದ್ದನ್ನು ಆ ಮೇಜಿನ ಹಿಂದೆ ಕೂತೇ ಎರಡು ಸಲ ಕಂಡಿದ್ದರು. ಇಮಾಮಬಿಯನ್ನು ಕಳಿಸೋಣವೆಂದರೆ ಸೇಠ ಅವಳನ್ನು ಬಿಡುವವನಲ್ಲ. “ಇಬ್ಬರ ಕೆಲಸಾನೂ ಹೋದ್ರ ಆ ಹುಡುಗಿಗೆ ಏನ ಬಂತು? ನೀವೇ ಹೋಗ್ರಿ” ಎಂದಳು ಅವಳು. “ನೀವೇ ಬರದಿದ್ದು, ನೀವೇ ಅಳಸ್ರಿ.” ಸೇಠ ಹಿಂದಿನಿಂದ ಕೂಗುತ್ತಿದ್ದರೂ ಅವರು ಮೆಟ್ಟಿಲಿಳಿದು ಸ್ಟೇಷನ್ನಿಗೆ ಓಡಿದರು.

ವಿಕ್ರೋಳಿಯ ಗಾಡಿಯಲ್ಲಿ ಬಾಗಿಲ ಕಂಬಿ ಹಿಡಿದು ನಿಂತಾಗ ನಿನ್ನೆಯ ಮಾತುಗಳು ಒಂದೊಂದಾಗಿ ಹಿಂದಕ್ಕೆ ಬಂದವು. ಹುಣಸಿಮಟ್ಟಿ ಎಂದು ಮೊದಲು ಹೇಳಿದ್ದು ಯಾರು? ತಾವು. ಲಾಡ್ಲೇಸಾಬ ಎಂದದ್ದು ಯಾರು? ತಾವು. ಅವನು ಹೇಳಿದ್ದು “ಹಳ್ಳದ ಕಡೆ ಮನಿ” ಎಂಬುದೊಂದೇ. ಹಳ್ಳವಿಲ್ಲದ ಊರು ಆ ಸೀಮೆಯಲ್ಲಿ ಯಾವುದಿದೆ? ಹುಣಸಿಮಟ್ಟಿಯನ್ನು ಅವನು ಕಣ್ಣಿನಿಂದಾದರೂ ಕಂಡಿದ್ದನೋ ಇಲ್ಲವೋ. ತಮ್ಮ ಬುತ್ತಿಯನ್ನು ತಾವೇ ಬಿಚ್ಚಿ ಕೊಟ್ಟಿದ್ದರು. ಅವನು ಒಂದು ತುತ್ತು ವಾಪಸು ಕೊಟ್ಟು ಮಾಮಾ ಆಗಿದ್ದ.

ಕಾರ್ಖಾನೆಯ ಗೋಡೆ ಮುಗಿದಲ್ಲಿ ಬಯಲು, ಬಯಲಿನ ಅಂಚಿಗೆ ತಗಡಿನ ಖೋಲಿಗಳ ಸಾಲು. ಮುದುಕಿಯೊಬ್ಬಳು ಮೊರದಲ್ಲಿ ರೇಷನ್ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಸುತ್ತ ಮೂರು ನಾಲ್ಕು ಹೆಂಗಸರು.

“ಹಾಲವ್ವನ ಖೋಲಿ ಯಾವದ್ರೀ ಅಕ್ಕಾರ?”

ಮೊರ ನಿಂತಿತು. “ಯಾವ ಹಾಲವ್ವ?”

“ಗಂಡ ಗಾರೆ ಕೆಲಸ ಮಾಡತಾನ.”

“ಇಲ್ಲಿ ಎಲ್ಲಾರ ಗಂಡಂದ್ರೂ ಗಾರೆ ಕೆಲಸಾನ ಮಾಡತಾರ. ನೀ ಯಾರ ಪೈಕಿ?”

ಅಮೀರಸಾಬರು ತಾವು ಲಾಜಿನ ಮುನ್ಶಿ ಎಂದರು. ಒಬ್ಬ ಹೆಂಗಸು ಸೆರಗು ಬಾಯಿಗಿಟ್ಟು ನಕ್ಕಳು. “ಗಡ್ಡ ನೋಡಿದ್ರ ಹಜ್ಜಿಗೆ ಹೊಂಟಾವ್ರಂಗ ಅದಾರ, ಹೆಣಮಕ್ಕಳ ಮನಿ ಹುಡಕ್ಕೋತ ಬಂದಾರ ನೋಡವ್ವಾ.”

“ತಂಗೀ, ನಗೂ ಹೊತ್ತಲ್ಲ. ಸಂಜಿಕ ಐದರ ಮ್ಯಾಲ ನೀಲಕಂಠಪ್ಪ ಅನ್ನಾಂವ ಇಬ್ಬರನ್ನ ಕಟಕೊಂಡ ಬರತಾನ. ನಿಮ್ಮಲ್ಲಿ ಇರೂ ಹುಡುಗೀಗೆ ಈಗಿಂದೀಗ ಇಲ್ಲಿಂದ ಹೋಗು ಅನ್ರಿ. ದಾದರದ ಇಮಾಮಬಿ ಹೇಳ್ಯಾಳ ಅನ್ರಿ.”

“ಯಾವ ಹುಡುಗಿ?” ಮುದುಕಿ ಮೊರ ಕೆಳಗಿಟ್ಟಳು. “ನಮ್ಮಲ್ಲಿ ಯಾವ ಹುಡುಗೀನೂ ಇಲ್ಲ. ಹೆಂಗಸಿನ ಹೆಸರು ಮುಂದ ಮಾಡಿ ಬರತೀರಿ. ರಸ್ತೇಕ ಹೊರಗ ಬರಸೂದು, ಅಲ್ಲಿ ಹಿಡಿಯೂದು. ಅವನ ಪೈಕಿ ನೀ, ಅಲ್ಲೇನು? ನಡಿ ಇಲ್ಲಿಂದ.”

ಮುದುಕಿ ಮಾಡಿದ್ದು ಸರಿ. ಕೇಳಿದವನಿಗೆ ಕೊಡದೆ ಬಾಯಿ ಕಟ್ಟಿ ಕೂರುವುದು ಹೇಗೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಷ್ಟರಲ್ಲಿ ಮೂರನೆಯ ಖೋಲಿಯ ಬಾಗಿಲು ಬೆರಳಷ್ಟು ತೆರೆದು ಮುಚ್ಚಿತು. ಬಾಗಿಲ ಮುಂದಿನ ಹಗ್ಗದ ಮೇಲೆ ಅರಿಸಿನದ ಕಲೆಯ ಪಟ್ಟಿ ಒಣಗುತ್ತಿತ್ತು. ಇಪ್ಪತ್ತು ಹೆಜ್ಜೆ. ಗುರುಬಾಯೀ ಎಂದು ಒಂದು ಸಲ ಕೂಗಿದರೆ ಆಯಿತು. ಹೆಸರು ನಾಲಿಗೆಯ ತುದಿಗೆ ಬಂತು. ಆ ಬಯಲಿನಲ್ಲಿ ನೀರಿಗೆ ಹೋಗುವವರು, ಬೀಡಿ ಸೇದುತ್ತ ನಿಂತವರು, ಯಾರು ಯಾರ ಪೈಕಿಯೋ. ಹೆಸರು ಕೂಗುವುದೆಂದರೆ ಅವಳು ಇಲ್ಲಿದ್ದಾಳೆ ಎಂದು ಡಂಗುರ ಹೊಡೆದ ಹಾಗೆ. ಕೂಗಲಾರದೆ ನಿಂತರು. ಯಾರೋ ಒಬ್ಬ ಗಾರೆಯ ಕರಣೆ ಎತ್ತಿ ಹಿಡಿದುಕೊಂಡು ಖೋಲಿಯಿಂದ ಹೊರಗೆ ಬಂದ. ಅಮೀರಸಾಬರು ಹಿಂದೆ ಸರಿದರು. ಓಡುವಾಗ ಚಪ್ಪಲಿಯ ಬಾರು ಹರಿಯಿತು.

ಇಷ್ಟನ್ನೂ ಅವರು ಸೇವಂತಿಯ ಖೋಲಿಯಲ್ಲಿ, ಅವಳು ಕೊಟ್ಟ ನೀರಿನ ಲೋಟವನ್ನು ಕುಡಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು. ವಾರಿಜಾ ತಾಯಿಯ ಸೊಂಟಕ್ಕೆ ಒರಗಿ ಅವರ ಮುಖವನ್ನೇ ನೋಡುತ್ತಿದ್ದಳು. ಗಡಿಯಾರ ಮೂರಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

“ಸೇವಂತವ್ವಾ, ನೀ ಹೋಗಬೇಕ.”

“ನಾನಾ?” ಸೇವಂತಿ ಮಗುವಿನ ತಲೆಯ ಮೇಲೆ ಕೈ ಇಟ್ಟಳು. “ನನ್ನ ಮಾತು ಅವರು ಯಾಕೆ ನಂಬ್ತಾರೆ ಮಾರಾಯ್ರೆ? ನನಗೆ ಅಲ್ಲಿ ಯಾರ ಪರಿಚಯವೂ ಇಲ್ಲ.”

“ಅದಕ್ಕ ನೀ ಹೋಗಬೇಕ. ನೀ ಘಟ್ಟದ ಕೆಳಗಿನಾಕಿ. ಯಾರ ಪೈಕಿ ಅಂತ ನಿನ್ನ ಕೇಳಿದ್ರೂ ಅವರಿಗೆ ಎಳಿ ಸಿಗೂದಿಲ್ಲ. ನಿನ್ನ ಮಾತು ಕೇಳಿದ ಕೂಡ್ಲೆ ನಮ್ಮ ಕಡೇದವರ ಕೂಡ ಇಕೀದೇನೂ ಸಂಬಂಧ ಇಲ್ಲ ಅಂತ ತಿಳೀತೈತಿ. ಕೈಯಾಗ ಕೂಸು ಇರತೈತಿ. ಕೂಸಿನ ತಾಯಿಗೆ ಯಾರೂ ಕರಣಿ ತೋರಸೂದಿಲ್ಲ.”

ಸೇವಂತಿ ಗಡಿಯಾರ ನೋಡಿದಳು. ಪೂವಪ್ಪ ಮಿಲ್ಲಿನ ಕ್ಯಾಂಟೀನಿನಿಂದ ಬರುವುದು ಆರಕ್ಕೆ. ಬೆಳಗಿನ ಗಂಜಿ ಇತ್ತು, ಒಣಮೀನಿನ ಚಟ್ನಿ ಇತ್ತು. ಈ ಮನುಷ್ಯ ಸಾಯಂಕಾಲದ ತನಕ ಹೀಗೇ ಕೂತರೆ ಎದೆ ಒಡೆದುಕೊಳ್ಳುತ್ತಾರೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಆ ಮೂರನೆಯ ಖೋಲಿಯ ಬಾಗಿಲ ಸಂದಿಯಲ್ಲಿ ನಿಂತವಳು ತನ್ನ ವಯಸ್ಸಿನವಳು.

“ನಾನು ಯಾರ ಹೆಸರೂ ತೆಗೆಯುವುದಿಲ್ಲ” ಎಂದಳು ನಿಧಾನವಾಗಿ, ಯೋಚನೆ ಮಾಡುತ್ತ. “ಮಗುವಿಗೆ ಬಾಯಾರಿಕೆ, ನೀರು ಕೊಡಿ ಅಂತ ಆ ಬಾಗಿಲಲ್ಲೇ ಕೂತುಬಿಡ್ತೇನೆ. ಕೂತ ಮೇಲೆ ಮಾತಾಡ್ಲಿಕ್ಕೆ ಆಗ್ತದೆ. ಲಾಜಿಗೆ ಬಂದಾಗ ಅವಳು ಮೊದಲು ಸುಮಿತ್ರಾ, ಪುಣೆ ಅಂತ ಹೇಳಿದ್ದು ಆ ಭಾವನಿಗೆ ಗೊತ್ತಿಲ್ಲ ಅಲ್ವಾ? ಅದನ್ನೇ ಕಿವಿಯಲ್ಲಿ ಹೇಳ್ತೇನೆ. ಆಗ ನಂಬ್ತಾಳೆ.”

“ನಂಬತಾಳ. ನನ್ನ ಹೆಸರು ಮಾತ್ರ ತಗೀಬ್ಯಾಡ. ಇಮಾಮಬಿ ಕಳಿಸ್ಯಾಳ ಅನ್ನು.”

ಸೇವಂತಿ ಎದ್ದು ಮಗುವಿನ ಲಂಗ ಬದಲಿಸಿದಳು. ಡಬ್ಬಿಯಲ್ಲಿ ಒಂದು ಹಿಡಿ ಅವಲಕ್ಕಿ, ಬೆಲ್ಲ. ತನ್ನದೊಂದು ಹಳೆಯ ಕಪ್ಪು ಶಾಲನ್ನು ಮಡಚಿ ಚೀಲದ ತಳಕ್ಕೆ ಹಾಕಿದಳು. ಮೈ ಮುಚ್ಚಿಕೊಂಡು ಹೊರಡಲು ಅವಳಿಗೆ ಬೇಕಾಗಬಹುದು. ಹಿಂದಿನ ಕಡೆಯಿಂದ ದಾರಿ ಉಂಟಾ ಎಂದು ಕೇಳಿದಳು. ಗೋಡೆಗುಂಟ ಒಂದು ಕಾಲುದಾರಿ ಇದೆ, ರೈಲು ಹಳಿಯ ಕಡೆಗೆ ಹೋಗುತ್ತದೆ ಎಂದರು ಅಮೀರಸಾಬರು. ಅವಳು ತಲೆಯಾಡಿಸಿ, ಗಂಜಿಯ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಪೂವಪ್ಪನಿಗೆ ಏನು ಹೇಳಬೇಕೆಂದು ಅಮೀರಸಾಬರಿಗೆ ಹೇಳಿಕೊಟ್ಟಳು.

“ಅಲ್ಲಿಂದ ಅವಳನ್ನು ಸುಮ್ಮನೆ ರಸ್ತೆಯಲ್ಲಿ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ” ಎಂದಳು ಚಪ್ಪಲಿ ಮೆಟ್ಟುತ್ತ. “ನನ್ನ ದೊಡ್ಡಮ್ಮ ಒಬ್ಬರು ಇದ್ದಾರೆ, ಒಂಟಿಯಾಗಿ. ಅವರು ಇರುದು...”

ಅಮೀರಸಾಬರು ಲೋಟ ಕೆಳಗಿಟ್ಟು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ನೀರು ಚೆಲ್ಲಿ ಅವರ ಪಾದದ ತನಕ ಹರಿಯಿತು. ಅವಳು ಮಾತು ನಿಲ್ಲಿಸಿದ್ದನ್ನು ನೋಡಿ ಕೈ ಇಳಿಸಿದರು.

“ಇನ್ನೊಂದ ಬೇಡತೇನಿ ಸೇವಂತವ್ವಾ. ಆಕಿ ಎಲ್ಲಿ ಹೋದ್ಲು ಅನ್ನೂದು ನನಗ ಹೇಳಬ್ಯಾಡ. ನಾ ಕೇಳತೇನಿ. ಸಂಜಿಕ ನೀ ಬರೂದ ಕಾಯಕೋತ ಈ ಬಾಗಲದಾಗ ನಿಂತಿರತೇನಿ, ಮುಟ್ಟಿದ್ಲೇನು, ಎಲ್ಲಿ ಇಟ್ಟಿ ಅಂತ ಕೈ ಮುಗದ ಕೇಳತೇನಿ. ಅಳತೇನಿ. ಎಷ್ಟ ಕೇಳಿದ್ರೂ ನೀ ಹೇಳಬ್ಯಾಡ.”